ಸಾವಿರದಿಂದ ಅರವತ್ತಕ್ಕೆ: ಇರುಂಗಾಟ್ಟುಕೋಟೈನಲ್ಲಿ ನಾಲ್ಕು ವಾರಾಂತ್ಯಗಳು

ಮೋಟಾರ್‌ಸೈಕಲ್ ರೇಸಿನ ಛಾಯಾಗ್ರಹಣವನ್ನು ಕ್ರಮವಾಗಿ ಕಲಿಯಬೇಕೆಂದು ನಿಶ್ಚಯಿಸಿದ ಮೇಲೆ ನಾಲ್ಕು ವಾರಾಂತ್ಯಗಳು ಕಳೆದಿವೆ. ನಾಲ್ಕನ್ನೂ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟಿನಲ್ಲಿಯೇ ಕಳೆದಿದ್ದೇನೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಈ ಟ್ರ್ಯಾಕ್ 1990ರಿಂದ ಬಳಕೆಯಲ್ಲಿದೆ. ಅದಕ್ಕೂ ಮುಂಚೆ ಮದ್ರಾಸಿನ ರೇಸುಗಳು ಶೋಳವರಂನ ಹಳೆಯ ವಿಮಾನ ಓಡುದಾರಿಯ ಮೇಲೆ ನಡೆಯುತ್ತಿದ್ದವು. ಸುಮಾರು 3.7 ಕಿಲೋಮೀಟರ್ ಉದ್ದ ಮತ್ತು ಹನ್ನೆರಡು ತಿರುವುಗಳಿರುವ ಈ ಟ್ರ್ಯಾಕನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳವಾದದ್ದು. ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸಿಂಗ್ ಚಾಂಪಿಯನ್‌ಷಿಪ್ಪಿನ ಸುತ್ತುಗಳು ಇಲ್ಲಿ ನಡೆಯುತ್ತವೆ, ಮತ್ತು ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟವರು ಹೊಸೂರು, ಕೃಷ್ಣಗಿರಿ, ವೆಲ್ಲೂರುಗಳನ್ನು ದಾಟಿಕೊಂಡು, ಹೆದ್ದಾರಿಯನ್ನು ಬಿಡುವ ಅಗತ್ಯವೇ ಇಲ್ಲದೆ, ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬಹುದು.

ನನ್ನ ಬಳಿಯಿರುವುದು ನಿಕಾನ್ ಡಿ7500 ಕ್ಯಾಮೆರಾ ಮತ್ತು 70-300 ಮಿ.ಮೀ. ಲೆನ್ಸ್. ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿರುವ ದೊಡ್ಡ ಲೆನ್ಸುಗಳ ಪಕ್ಕದಲ್ಲಿ ಇದು ಸಣ್ಣದಾಗಿ ಕಾಣುತ್ತದೆಯಾದರೂ ಈ ನಾಲ್ಕು ಭೇಟಿಗಳಲ್ಲಿ ನನ್ನ ಚಿತ್ರಗಳು ಕೆಟ್ಟದ್ದು ಒಮ್ಮೆಯೂ ಲೆನ್ಸಿನಿಂದಲ್ಲ ಎಂಬುದನ್ನು ಮೊದಲೇ ದಾಖಲಿಸುತ್ತೇನೆ.

ಮೊದಲ ಭೇಟಿಯಲ್ಲಿ ಎರಡು ದಿನಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದೆ. ಷಟರ್ ವೇಗವನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕೆಳಗೆ ಇಳಿಸುವ, ಅಂದರೆ ಷಟರನ್ನು ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಡುವ, ಧೈರ್ಯ ನನಗಿರಲಿಲ್ಲ. ಮನೆಗೆ ಬಂದು ನೋಡಿದಾಗ ಮುಕ್ಕಾಲು ಪಾಲು ಚಿತ್ರಗಳು ಸ್ಪಷ್ಟವಾಗಿಯೇ ಇದ್ದವು. ಬೈಕಿನ ಮೇಲಿನ ಅಂಟುಚಿತ್ರಗಳ ಅಕ್ಷರಗಳನ್ನೂ ಓದಬಹುದಾಗಿತ್ತು. ಆದರೆ ಒಂದರಲ್ಲಿಯೂ ಓಟವಿರಲಿಲ್ಲ. ನೇರ ದಾರಿಯಲ್ಲಿ ತೆಗೆದ ಚಿತ್ರಗಳಂತೂ, ನಿಂತ ಬೈಕಿನ ಮೇಲೆ ಒಬ್ಬ ಸವಾರನನ್ನು ಬಗ್ಗಿಸಿ ಕೂರಿಸಿ ತೆಗೆದ ಹಾಗಿದ್ದವು. ಕಾರಣವನ್ನು ಲೆಕ್ಕ ಹಾಕಿ ತಿಳಿದುಕೊಂಡೆ. ಹದಿನೇಳು ಇಂಚಿನ ಚಕ್ರದ ಟೈರಿನ ಸುತ್ತಳತೆ ಸುಮಾರು 1.9 ಮೀಟರ್, ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಹದಿನಾಲ್ಕು ಹದಿನೈದು ಸುತ್ತು ತಿರುಗುತ್ತದೆ. 1/1000 ಸೆಕೆಂಡಿನಲ್ಲಿ ಅದು ತಿರುಗುವುದು ಕೇವಲ ಐದು ಡಿಗ್ರಿ, ಆದ್ದರಿಂದ ಚಕ್ರದ ಕಡ್ಡಿಗಳು ಕಡ್ಡಿಗಳಾಗಿಯೇ ಉಳಿಯುತ್ತವೆ. 1/250ರಲ್ಲಿ 21 ಡಿಗ್ರಿ, 1/125ರಲ್ಲಿ 42 ಡಿಗ್ರಿ, 1/60ರಲ್ಲಿ 88 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಕಾಲು ಸುತ್ತು. ಕಾಲು ಸುತ್ತು ತಿರುಗಿದ ಚಕ್ರದಲ್ಲಿ ಕಡ್ಡಿಗಳು ಕರಗಿ ಒಂದು ಬೆಳ್ಳಿಯ ತಟ್ಟೆಯಾಗುತ್ತವೆ, ಹಿಂದಿನ ಹುಲ್ಲು ಮತ್ತು ತಡೆಗೋಡೆಗಳು ಬಣ್ಣದ ಗೆರೆಗಳಾಗುತ್ತವೆ, ಮತ್ತು ಆ ಗೆರೆಗಳ ನಡುವೆ ಸವಾರನ ಹೆಲ್ಮೆಟ್ ಮಾತ್ರ ಸ್ಪಷ್ಟವಾಗಿ ಉಳಿದರೆ ನೋಡುವವನಿಗೆ ವೇಗ ತಾನಾಗಿಯೇ ಅರ್ಥವಾಗುತ್ತದೆ. ಈ ವರ್ಷದ ಗುರಿಯನ್ನು ಅಂದೇ ಬರೆದಿಟ್ಟುಕೊಂಡೆ: ಸಾವಿರದಿಂದ ಅರವತ್ತಕ್ಕೆ ಇಳಿಯಬೇಕು.

ಅಭ್ಯಾಸಕ್ಕೆ ಟ್ರ್ಯಾಕಿಗೇ ಹೋಗಬೇಕಾಗಿಲ್ಲ ಎಂಬುದು ಇನ್ನೊಂದು ಲೆಕ್ಕದಿಂದ ಹೊಳೆಯಿತು. ಬೈಕಿನ ಜೊತೆಗೆ ಕ್ಯಾಮೆರಾವನ್ನು ತಿರುಗಿಸುವ ಪ್ಯಾನಿಂಗ್‌ನಲ್ಲಿ ಮುಖ್ಯವಾಗುವುದು ಬೈಕಿನ ವೇಗವೊಂದೇ ಅಲ್ಲ, ವೇಗವನ್ನು ದೂರದಿಂದ ಭಾಗಿಸಿದಾಗ ಸಿಗುವ ತಿರುಗುವಿಕೆಯ ಪ್ರಮಾಣ. ಮೂವತ್ತು ಮೀಟರ್ ದೂರದಲ್ಲಿ ಗಂಟೆಗೆ 150 ಕಿ.ಮೀ. ವೇಗದಲ್ಲಿ ಹೋಗುವ ಬೈಕನ್ನು ಹಿಂಬಾಲಿಸಲು ನನ್ನ ಸೊಂಟ ಎಷ್ಟು ಬೇಗ ತಿರುಗಬೇಕೋ, ಐದು ಮೀಟರ್ ದೂರದಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವ ಸೈಕಲನ್ನು ಹಿಂಬಾಲಿಸಲೂ ಅಷ್ಟೇ ಬೇಗ ತಿರುಗಬೇಕು: ಎರಡೂ ಸೆಕೆಂಡಿಗೆ ಸುಮಾರು 80 ಡಿಗ್ರಿ. ವಾಹನಗಳಿಗೆ ಪ್ರವೇಶವಿಲ್ಲದ ಭಾನುವಾರದ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಸೈಕಲ್ ಸವಾರರಿಗೆ ಕೊರತೆಯಿಲ್ಲ. ಮೊದಲು ಅವರ ಒಪ್ಪಿಗೆ ಕೇಳಿ, ಆರು ಭಾನುವಾರ ಅಲ್ಲಿ ನಿಂತೆ. ಪಾದಗಳನ್ನು ಚಿತ್ರ ಮುಗಿಯಬೇಕಾದ ದಿಕ್ಕಿಗೆ ನೆಟ್ಟು, ಸೊಂಟವನ್ನು ಬರುವ ದಿಕ್ಕಿಗೆ ತಿರುಚಿಕೊಂಡು, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದು, ತಿರುಚಿದ ಸ್ಪ್ರಿಂಗ್ ಬಿಚ್ಚಿಕೊಳ್ಳುವ ಹಾಗೆ ತಿರುಗುವುದು ಮತ್ತು ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸದಿರುವುದು, ಇವಿಷ್ಟನ್ನು ಮೈಗೆ ಕಲಿಸುವುದೇ ಆ ಆರು ವಾರಗಳ ಕೆಲಸವಾಗಿತ್ತು. ಕೊನೆಯದೇ ಅತ್ಯಂತ ಕಷ್ಟವಾದದ್ದು, ಏಕೆಂದರೆ ಷಟರ್ ಸದ್ದು ಕೇಳಿದೊಡನೆ ಕೆಲಸ ಮುಗಿಯಿತೆಂದು ಕೈ ತಾನಾಗಿ ನಿಂತುಬಿಡುತ್ತದೆ, ಮತ್ತು ಚಿತ್ರ ಕೆಡುವುದು ಆ ನಿಲುಗಡೆಯಲ್ಲಿಯೇ.

ಎರಡನೇ ಭೇಟಿಗೆ ಸಾಕಷ್ಟು ಭರವಸೆಯಿಂದ ಹೋದೆ. ಬೆಳಗಿನ ಅಭ್ಯಾಸ ಓಟದಲ್ಲಿ 1/250 ಸಲೀಸಾಗಿ ಬಂದಿತು. ಹತ್ತು ಗಂಟೆಯ ನಂತರ, ಚೆನ್ನೈನ ಬಿಸಿಲು ಏರಿದ ಹಾಗೆ, ನಾನು ಎಣಿಸದಿದ್ದ ಮೂರು ತೊಂದರೆಗಳು ಒಟ್ಟಿಗೆ ಎದುರಾದವು. ನೆತ್ತಿಯ ಬಿಸಿಲಿನಲ್ಲಿ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒವನ್ನು 100ರಲ್ಲಿ ಇಟ್ಟುಕೊಂಡು ಷಟರನ್ನು 1/60ಕ್ಕೆ ಇಳಿಸಿದರೆ ಬೆಳಕು ಮಿತಿಮೀರದಿರಲು ಲೆನ್ಸಿನ ತೆರಪನ್ನು ಎಫ್/20ರವರೆಗೆ ಕಿರಿದುಗೊಳಿಸಬೇಕಾಗುತ್ತದೆ. ಅಷ್ಟು ಕಿರಿದಾದ ತೆರಪಿನಲ್ಲಿ ಚಿತ್ರದ ಹರಿತ ಕಡಿಮೆಯಾಗುವುದು ಒಂದು ನಷ್ಟವಾದರೆ, ಸೆನ್ಸರಿನ ಮೇಲೆ ಕುಳಿತಿದ್ದ ಧೂಳಿನ ಕಣಗಳೆಲ್ಲ ಆಕಾಶದ ಭಾಗದಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣಿಸಿಕೊಂಡದ್ದು ಇನ್ನೊಂದು. ಆದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಬೇಲಿ.

ಪ್ರೇಕ್ಷಕನಾಗಿ ಹೋದವನು ತಂತಿಬೇಲಿಯ ಮೂಲಕವೇ ಚಿತ್ರ ತೆಗೆಯಬೇಕಾಗುತ್ತದೆ. ಲೆನ್ಸನ್ನು ಬೇಲಿಗೆ ತಾಗಿಸಿ ಹಿಡಿದರೆ ತಂತಿ ಮಾಯವಾಗುತ್ತದೆ ಎಂದು ಓದಿದ್ದೆ, ಮೊದಲ ಭೇಟಿಯಲ್ಲಿ ಅದು ನಿಜವೂ ಆಗಿತ್ತು. ಈಗ ಅದೇ ಬೇಲಿ, ಅದೇ ಲೆನ್ಸ್, ಆದರೆ ಪ್ರತಿಯೊಂದು ಚಿತ್ರದಲ್ಲೂ ಬೂದು ಬಣ್ಣದ ಪಟ್ಟಿಗಳು. ಹೋಟೆಲಿನ ಕೋಣೆಯಲ್ಲಿ ಕುಳಿತು ಯೋಚಿಸಿದಾಗ ಗುಟ್ಟು ಬಿಚ್ಚಿಕೊಂಡಿತು. ಲೆನ್ಸಿನ ತೆರಪಿನ ವ್ಯಾಸವೆಂದರೆ ನಾಭಿದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದಷ್ಟು. 200 ಮಿ.ಮೀ.ನಲ್ಲಿ ಎಫ್/20 ಎಂದರೆ ತೆರಪು ಹತ್ತು ಮಿಲಿಮೀಟರ್ ಮಾತ್ರ. ಮೂರು ಮಿಲಿಮೀಟರ್ ದಪ್ಪದ ತಂತಿ ಅದರ ಮುಂದೆ ಬಂದರೆ ಮೂರನೇ ಒಂದು ಭಾಗದಷ್ಟು ಬೆಳಕಿಗೇ ಅಡ್ಡ ನಿಲ್ಲುತ್ತದೆ. ಎಫ್/7.1 ಆಗಿದ್ದರೆ ತೆರಪು 28 ಮಿಲಿಮೀಟರ್, ಅದೇ ತಂತಿ ತಡೆಯುವುದು ಸುಮಾರು ಏಳನೇ ಒಂದು ಭಾಗವನ್ನಷ್ಟೇ. ಷಟರನ್ನು ನಿಧಾನಗೊಳಿಸುತ್ತ ನಾನೇ ಬೇಲಿಯನ್ನು ಚಿತ್ರದೊಳಕ್ಕೆ ಕರೆತಂದಿದ್ದೆ. ಆ ಎರಡು ದಿನಗಳ ಫಲವೆಂದರೆ 1/125ರಲ್ಲಿ ನಲವತ್ತಕ್ಕೆ ಒಂದರಂತೆ ಉಳಿದ ಚಿತ್ರಗಳು, ಅವುಗಳಲ್ಲಿಯೂ ಅರ್ಧದ ಮೇಲೆ ತಂತಿಯ ಗುರುತು.

ಎಂಟು ಪಾಲು ಬೆಳಕಿನಲ್ಲಿ ಒಂದು ಪಾಲನ್ನು ಮಾತ್ರ ಬಿಡುವ ಎನ್‌ಡಿ8 ಫಿಲ್ಟರ್ ಈ ಮೂರು ತೊಂದರೆಗಳಿಗೂ ಒಂದೇ ಉತ್ತರವಾಯಿತು. ಅದನ್ನು ಹಾಕಿದರೆ ಅದೇ ಬಿಸಿಲಿನಲ್ಲಿ, ಅದೇ 1/60ರಲ್ಲಿ, ತೆರಪನ್ನು ಎಫ್/7.1ಕ್ಕೆ ಹಿಗ್ಗಿಸಬಹುದು, ಧೂಳು ಮರೆಯಾಗುತ್ತದೆ, ಹರಿತ ಮರಳುತ್ತದೆ, ತಂತಿ ಕರಗುತ್ತದೆ. ಇಷ್ಟು ದಿನ ಜಲಪಾತಗಳನ್ನು ಹಾಲಿನಂತೆ ಮಾಡಲು ಮಾತ್ರ ಬಳಸುವ ವಸ್ತು ಎಂದು ತಿಳಿದಿದ್ದ ಆ ಗಾಜಿನ ತುಂಡು ಈಗ ನನ್ನ ಚೀಲದಲ್ಲಿ ಕ್ಯಾಮೆರಾದಷ್ಟೇ ಮುಖ್ಯವಾಗಿದೆ. ಫಿಲ್ಟರ್ ನಿವಾರಿಸಲಾರದ್ದು ಕಾದ ಡಾಂಬರಿನ ಮೇಲೆ ಏಳುವ ಬಿಸಿಗಾಳಿಯ ಅಲೆಗಳನ್ನು. ದೂರದ ಬೈಕು ನೀರಿನಡಿಯಲ್ಲಿರುವಂತೆ ಕಾಣುವ ಆ ನಡುಹಗಲಿನ ಗಂಟೆಗಳಲ್ಲಿ ಹತ್ತಿರಕ್ಕೆ ಬರುವ ಬೈಕುಗಳನ್ನಷ್ಟೇ ತೆಗೆಯುತ್ತೇನೆ, ಇಲ್ಲವೇ ತಂಡಗಳು ಬೈಕುಗಳನ್ನು ಸಿದ್ಧಪಡಿಸುವ ಪ್ಯಾಡಕ್ಕಿಗೆ ಹೋಗಿ ಮೆಕ್ಯಾನಿಕ್‌ಗಳ ಕೈಗಳನ್ನು ನೋಡುತ್ತೇನೆ.

ಮೂರನೇ ಭೇಟಿಗೆ ಮುಂಚಿತವಾಗಿ ಅನುಮತಿ ಪಡೆದು, ತಿರುವೊಂದರ ಒಳಬದಿಯಲ್ಲಿ, ಟ್ರ್ಯಾಕಿನ ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್‌ಗಳು ತೋರಿಸಿದ ಜಾಗದಲ್ಲಿ ನಿಲ್ಲುವ ಅವಕಾಶ ಸಿಕ್ಕಿತು. ಈ ಹವ್ಯಾಸದಲ್ಲಿ ಇದುವರೆಗೆ ಕಲಿತದ್ದರಲ್ಲಿ ಅತಿ ಮುಖ್ಯವಾದದ್ದನ್ನು ಅಲ್ಲಿ ಕಲಿತೆ. ತಿರುವಿನ ಹೊರಬದಿಯಲ್ಲಿ ನಿಂತವನ ಕಣ್ಣೆದುರಿನಲ್ಲಿ ಬೈಕು ಕ್ಷಣಕ್ಷಣಕ್ಕೂ ತನ್ನ ಮುಖವನ್ನು ತಿರುಗಿಸುತ್ತಿರುತ್ತದೆ. ಮೊದಲು ಮುಂಭಾಗ, ಮರುಕ್ಷಣ ಪಕ್ಕ, ಅದರ ಹಿಂದೆಯೇ ಹಿಂಭಾಗ. ಹೀಗಾಗಿ ಹೆಲ್ಮೆಟನ್ನು ಎಷ್ಟೇ ನಿಖರವಾಗಿ ಹಿಂಬಾಲಿಸಿದರೂ, ನಿಧಾನ ಷಟರಿನಲ್ಲಿ ಮುಂದಿನ ಚಕ್ರವೋ ಹಿಂದಿನ ಚಕ್ರವೋ ಅಲುಗಿದಂತೆ ಬರುತ್ತದೆ. ಆದರೆ ತಿರುವು ಒಂದು ವೃತ್ತದ ತುಂಡು ಎಂದುಕೊಂಡರೆ, ಆ ವೃತ್ತದ ಕೇಂದ್ರದ ಕಡೆಗೆ ಸರಿದಷ್ಟೂ ಬೈಕಿನ ದೂರವೂ ಬದಲಾಗದು, ಅದು ನಮಗೆ ತೋರಿಸುವ ಪಕ್ಕವೂ ಬದಲಾಗದು. ಗಾಣದ ನಡುಗಂಬಕ್ಕೆ ಸುತ್ತುವ ಎತ್ತು ಯಾವಾಗಲೂ ಒಂದೇ ಮಗ್ಗುಲನ್ನು ತೋರಿಸುವ ಹಾಗೆ, ಕೇಂದ್ರದಲ್ಲಿ ನಿಂತವನಿಗೆ ಬೈಕು ಒಂದೇ ಮಗ್ಗುಲನ್ನು ತೋರಿಸುತ್ತ ಸಾಗುತ್ತದೆ. ಮಾರ್ಷಲ್‌ಗಳು ಗುರುತಿಸಿದ ಜಾಗ ಸರಿಯಾಗಿ ಕೇಂದ್ರವಾಗಿರಲಿಲ್ಲ, ಅದರ ಆಸುಪಾಸಿನಲ್ಲಿತ್ತು, ಅಷ್ಟೇ ಸಾಕಾಯಿತು. 1/125ರಲ್ಲಿ ನಲವತ್ತಕ್ಕೆ ಒಂದು ಉಳಿಯುತ್ತಿದ್ದದ್ದು ಆ ಮಧ್ಯಾಹ್ನ ಎಂಟಕ್ಕೆ ಒಂದಾಯಿತು. ಷಟರಿನ ಅಂಕಿಯ ಬಗ್ಗೆ ನಾನು ಕಳೆದ ತಿಂಗಳುಗಳಿಗಿಂತ, ನಿಲ್ಲುವ ಜಾಗದ ಬಗ್ಗೆ ಕಳೆದ ಆ ಒಂದು ಗಂಟೆ ಹೆಚ್ಚು ಫಲ ಕೊಟ್ಟಿತು.

ಒಳಬದಿಯಿಂದ ನೋಡಿದಾಗಲೇ ಸವಾರರ ಕೆಲಸವೂ ಕಣ್ಣಿಗೆ ಬಿದ್ದದ್ದು. ದೂರದಿಂದ ಬೈಕು ತಾನಾಗಿ ವಾಲುತ್ತದೆ ಎನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಬ್ರೇಕ್ ಹಿಡಿಯುವಾಗಲೇ ಸವಾರನು ಸೀಟಿನಿಂದ ಅರ್ಧ ಮೈಯನ್ನು ಒಳಬದಿಗೆ ಇಳಿಸಿ, ಹೊರಗಿನ ತೊಡೆಯನ್ನು ಟ್ಯಾಂಕಿಗೆ ಒತ್ತಿ, ಮೊಣಕಾಲನ್ನು ನೆಲದ ಕಡೆಗೆ ಚಾಚುವುದು, ಇವೆಲ್ಲದಕ್ಕೂ ಮುಂಚೆ ಅವನ ಕತ್ತು ತಿರುವು ಮುಗಿಯುವ ಕಡೆಗೆ ಹೊರಳಿರುವುದು ಕಾಣುತ್ತದೆ. ಬೈಕು ಇನ್ನೂ ಒಂದು ದಿಕ್ಕಿನಲ್ಲಿರುವಾಗ ಕಣ್ಣು ಮತ್ತೊಂದು ದಿಕ್ಕಿನಲ್ಲಿರುತ್ತದೆ. ನನ್ನ ಮಟ್ಟಿಗೆ ರೇಸಿನ ಚಿತ್ರ ಹುಟ್ಟುವುದು ಆ ಅಂತರದಲ್ಲಿ. ಅಂದಿನಿಂದ ಫೋಕಸ್ ಬಿಂದುವನ್ನು ಬೈಕಿನ ಸಂಖ್ಯೆಯ ಮೇಲೆ ಇಡುವುದನ್ನು ಬಿಟ್ಟು ಹೆಲ್ಮೆಟಿನ ಮೇಲೆ ಇಡುತ್ತಿದ್ದೇನೆ, ಮೊಣಕಾಲು ನೆಲಕ್ಕೆ ತಾಗುವ ಕ್ಷಣಕ್ಕಿಂತ ಒಂದಿಷ್ಟು ಮೊದಲು, ಕತ್ತು ಹೊರಳುವಾಗಲೇ ಗುಂಡಿ ಒತ್ತಲು ಆರಂಭಿಸುತ್ತೇನೆ. ರಸ್ತೆಯ ಬೈಕುಗಳನ್ನೇ ರೇಸಿಗೆ ಸಜ್ಜುಗೊಳಿಸಿ ಓಡಿಸುವ 165 ಸಿಸಿ ಪ್ರೋ-ಸ್ಟಾಕ್ ವರ್ಗದ ಓಟಗಳು ಈ ಅಭ್ಯಾಸಕ್ಕೆ ಅತ್ಯುತ್ತಮವಾದವು. ಎಂಜಿನ್ನಿನ ಶಕ್ತಿ ಸರಿಸುಮಾರು ಸಮನಾಗಿರುವುದರಿಂದ ಐದಾರು ಬೈಕುಗಳು ಗುಂಪಾಗಿಯೇ ತಿರುವಿಗೆ ಬರುತ್ತವೆ, ಮತ್ತು ಮುಂದಿನವನ ಕತ್ತು, ಅವನ ಹಿಂದಿನವನ ಕತ್ತು, ಅದರಾಚೆಯವನ ಕತ್ತು ಒಂದಾದ ಮೇಲೊಂದು ಹೊರಳುವುದನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು.

ನಾಲ್ಕನೇ ಭೇಟಿಯ ಶನಿವಾರ ನನ್ನ ಎದುರಿನಲ್ಲಿಯೇ ಒಬ್ಬ ಯುವ ಸವಾರನ ಮುಂದಿನ ಚಕ್ರ ಜಾರಿ ಅವನು ಬೈಕಿನೊಂದಿಗೆ ಹುಲ್ಲಿನ ಮೇಲೆ ಉರುಳಿದನು. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಕ್ಯಾಮೆರಾ ಸೆಕೆಂಡಿಗೆ ಎಂಟರಂತೆ ಚಿತ್ರಗಳನ್ನು ತೆಗೆಯುತ್ತಲೇ ಹೋಯಿತು. ಹಳದಿ ಬಾವುಟಗಳು ಎದ್ದವು, ಮಾರ್ಷಲ್‌ಗಳು ಓಡಿದರು, ಅವನು ಎದ್ದು ನಿಂತು ಕೈ ಬೀಸಿದ ಮೇಲೆಯೇ ನಾನು ಉಸಿರು ಬಿಟ್ಟದ್ದು. 2023ರ ಆಗಸ್ಟ್ 5ರಂದು ಇದೇ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಓಟವೊಂದರಲ್ಲಿ, ಬೆಂಗಳೂರಿನ ಹದಿಮೂರು ವರ್ಷದ ಹುಡುಗನೊಬ್ಬ ಬಿದ್ದು ಪ್ರಾಣ ಕಳೆದುಕೊಂಡನು. ಆ ವಾರಾಂತ್ಯದ ಉಳಿದ ಓಟಗಳನ್ನು ಆಯೋಜಕರು ರದ್ದುಪಡಿಸಿದರು. ನಮ್ಮೂರಿನ ಆ ಮಗುವಿನ ನೆನಪಿಲ್ಲದೆ ಆ ಬೇಲಿಯ ಬಳಿ ನಿಲ್ಲುವುದು ನನ್ನಿಂದ ಸಾಧ್ಯವಿಲ್ಲ. ನಾಲ್ಕನೇ ಭೇಟಿಯ ಆ ರಾತ್ರಿ ಒಂದು ನಿಯಮವನ್ನು ಮಾಡಿಕೊಂಡೆ. ಬಿದ್ದವನು ಎದ್ದನೆಂದು ಖಚಿತವಾಗುವವರೆಗೆ ಆ ಚಿತ್ರಗಳನ್ನು ಯಾರಿಗೂ ತೋರಿಸುವುದಿಲ್ಲ, ನೆಲದ ಮೇಲೆ ಬಿದ್ದಿರುವ ಸವಾರನ ಚಿತ್ರವನ್ನು ಎಂದಿಗೂ ಹಂಚುವುದಿಲ್ಲ. ಅಂದಿನ ಆ ಚಿತ್ರಗಳಲ್ಲಿ ಉಳಿಸಿಕೊಂಡದ್ದು ಒಂದನ್ನು, ಅವನು ಎದ್ದು ಹೆಲ್ಮೆಟಿನ ಗಾಜನ್ನು ಮೇಲೆತ್ತುತ್ತಿರುವುದನ್ನು.

ಭಾನುವಾರ ಸಂಜೆ, ನಾಲ್ಕು ಗಂಟೆ ದಾಟಿದ ಮೇಲೆ, ಬಿಸಿಲು ಓರೆಯಾಗಿ ಬೀಳುತ್ತಿದ್ದಾಗ ಷಟರನ್ನು 1/60ಕ್ಕೆ ಇಳಿಸಿದೆ. ಒಂದೇ ಓಟದಲ್ಲಿ 310 ಚಿತ್ರಗಳನ್ನು ತೆಗೆದು, ಏಳನ್ನು ಉಳಿಸಿಕೊಂಡೆ. ಆ ಏಳರಲ್ಲಿ ಒಂದರ ಬಗ್ಗೆ ನನಗೆ ಹೆಮ್ಮೆಯಿದೆ. ಚಕ್ರಗಳೆರಡೂ ತಟ್ಟೆಗಳಾಗಿವೆ, ಹಿಂದಿನ ಕೆಂಪು-ಬಿಳಿ ಅಂಚು ಒಂದೇ ನಸುಗೆಂಪು ಗೆರೆಯಾಗಿದೆ, ಬೈಕಿನ ಸಂಖ್ಯೆ ಓದಲಾಗದಷ್ಟು ಅಲುಗಿದೆ. ಹೆಲ್ಮೆಟಿನ ಅಂಚು ಮಾತ್ರ ಕೂದಲೆಳೆಯಷ್ಟು ಸ್ಪಷ್ಟವಾಗಿದ್ದು, ಸವಾರನು ಚಿತ್ರದ ಚೌಕಟ್ಟಿನ ಆಚೆಗೆ, ತಿರುವಿನ ಕೊನೆಯ ಕಡೆಗೆ ನೋಡುತ್ತಿದ್ದಾನೆ.

ಆ ಏಳು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಾಗ ಒಂದು ಕೊರತೆ ಕಣ್ಣಿಗೆ ಬಿದ್ದಿತು. ಏಳರಲ್ಲಿ ಆರರಲ್ಲಿ ಬೈಕು ಎಡದಿಂದ ಬಲಕ್ಕೆ ಹೋಗುತ್ತಿದೆ. ಹಿಂದಿನ ಮೂರು ಭೇಟಿಗಳ ಕಡತಗಳನ್ನು ತೆರೆದು ಎಣಿಸಿದಾಗಲೂ ಬಲದಿಂದ ಎಡಕ್ಕೆ ಹೋಗುವ ಚಿತ್ರಗಳಲ್ಲಿ ಉಳಿದವು ಬಹಳ ಕಡಿಮೆ. ಕಬ್ಬನ್ ಪಾರ್ಕಿನಲ್ಲಿ ನಾನು ಆರು ವಾರವೂ ನೆರಳಿಗಾಗಿ ರಸ್ತೆಯ ಒಂದೇ ಬದಿಯಲ್ಲಿ, ಒಂದೇ ಮರದ ಕೆಳಗೆ ನಿಂತಿದ್ದೆ. ಅಲ್ಲಿ ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದ ಸೈಕಲ್‌ಗಳೆಲ್ಲವೂ ನನ್ನ ಎಡದಿಂದಲೇ ಬರುತ್ತಿದ್ದವು. ಬರುವ ಭಾನುವಾರದಿಂದ ಎದುರು ಬದಿಯಲ್ಲಿ ನಿಲ್ಲುತ್ತೇನೆ.