ವ್ಯಾಕ್ಯೂಮ್ ಅಗೆತದ ಯಂತ್ರ ಕೊಳ್ಳಬಹುದೇ? ಮೊದಲು ಕೆಸರಿಗೊಂದು ಜಾಗ ಹುಡುಕಿ

ಪೈಪು ಹೂಳುವುದು, ಕೇಬಲ್ ಎಳೆಯುವುದು, ಚರಂಡಿ ಕಟ್ಟುವುದು ಮುಂತಾದ ಕೆಲಸ ಹಿಡಿಯುವ ಸಣ್ಣ ಗುತ್ತಿಗೆದಾರರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ನಾವೂ ಒಂದು ವ್ಯಾಕ್ಯೂಮ್ ಅಗೆತದ ಯಂತ್ರ ಇಟ್ಟುಕೊಂಡು ಆ ಸೇವೆಯನ್ನು ಆರಂಭಿಸಬಹುದೇ?" ಆರಂಭಿಸಬಹುದು. ಆದರೆ ಯಂತ್ರದ ಬೆಲೆಯನ್ನೂ ಅಶ್ವಶಕ್ತಿಯನ್ನೂ ವಿಚಾರಿಸುವ ಮೊದಲು, ಅದು ಹೀರಿಕೊಂಡ ಕೆಸರನ್ನು ಎಲ್ಲಿ ಸುರಿಯುವಿರಿ ಎಂಬುದನ್ನು ತೀರ್ಮಾನಿಸಿಕೊಳ್ಳಿ ಎನ್ನುವುದು ನನ್ನ ಉತ್ತರ. ಈ ವ್ಯವಹಾರದ ಲಾಭನಷ್ಟ ಬಹುಪಾಲು ಅಲ್ಲಿಯೇ ನಿರ್ಧಾರವಾಗುತ್ತದೆ.

ಕೆಲಸದ ವಿಧಾನ ಸರಳವಾದದ್ದು. ಹೆಚ್ಚಿನ ಒತ್ತಡದ ನೀರಿನಿಂದ ಅಥವಾ ಕಂಪ್ರೆಸರ್ ಗಾಳಿಯಿಂದ ಮಣ್ಣನ್ನು ಸಡಿಲಿಸಿ, ಬ್ಲೋವರ್ ಎಳೆಯುವ ಗಾಳಿಯ ಜೊತೆಗೆ ಅದನ್ನು ದಪ್ಪ ಹೋಸಿನ ಮೂಲಕ ಟ್ಯಾಂಕಿಗೆ ಸೇರಿಸುತ್ತಾರೆ. ಜೆಸಿಬಿಯ ಬಕೆಟ್ ಹೋದಲ್ಲಿ ನೆಲದಡಿಯ ಗ್ಯಾಸ್ ಪೈಪಾಗಲಿ ಫೈಬರ್ ಕೇಬಲ್ಲಾಗಲಿ ಉಳಿಯುತ್ತದೆಂಬ ಭರವಸೆಯಿಲ್ಲ. ಈ ವಿಧಾನದಲ್ಲಿ ಅವುಗಳ ಸುತ್ತಲಿನ ಮಣ್ಣು ಮಾತ್ರ ಹೊರಬರುತ್ತದೆ. ನಕ್ಷೆಯೂ ಪತ್ತೆಯಂತ್ರವೂ ಕೊಡುವುದು ಅಂದಾಜನ್ನು ಮಾತ್ರ. ಅಮೆರಿಕದ ಸಿವಿಲ್ ಎಂಜಿನಿಯರ್‌ಗಳ ಸಂಘದ 38ನೇ ಮಾನದಂಡವು ಭೂಗತ ಮಾಹಿತಿಯನ್ನು ಡಿ, ಸಿ, ಬಿ, ಎ ಎಂಬ ನಾಲ್ಕು ದರ್ಜೆಗಳಾಗಿ ವಿಂಗಡಿಸಿದ್ದು, ಪೈಪು ಅಥವಾ ಕೇಬಲನ್ನು ಕಣ್ಣಿಗೆ ಕಾಣುವಂತೆ ತೆರೆದು ಅಳೆದ ಮಾಹಿತಿ ಅತ್ಯಂತ ಖಚಿತವಾದ ಎ ದರ್ಜೆಗೆ ಸೇರುತ್ತದೆ. ಹೀಗೆ ತೆರೆದು ತೋರಿಸುವ ಸಣ್ಣ ಗುಂಡಿಗಳೇ ಈ ಸೇವೆಯ ಮುಖ್ಯ ಸರಕು. ಇವುಗಳಿಗೆ ಖಚಿತ ಗಿರಾಕಿಗಳೆಂದರೆ ನೆಲದಡಿಯಲ್ಲಿ ಅಡ್ಡಲಾಗಿ ಕೊರೆಯುವ ಕಂಪನಿಗಳು: ಹಳೆಯ ಪೈಪು ಅಡ್ಡ ಬರುವಲ್ಲೆಲ್ಲ ಅವರಿಗೆ ಗುಂಡಿ ಬೇಕು, ಕೊರೆಯುವಾಗ ಹೊರಬರುವ ಬೆಂಟೊನೈಟ್ ಎಂಬ ಜೇಡಿ ಬೆರೆತ ಕೆಸರನ್ನು ಎತ್ತುವವರೂ ಬೇಕು. ವಾಲ್ವ್ ಗುಂಡಿ ಶುಚಿಗೊಳಿಸುವುದು, ಕಂಬದ ಗುಂಡಿ ತೋಡುವುದು, ಮರದ ಬೇರಿಗೆ ಪೆಟ್ಟಾಗದಂತೆ ಮಣ್ಣು ತೆಗೆಯುವುದು ಇವೆಲ್ಲ ನಡುನಡುವೆ ಸಿಗುವ ಕೆಲಸಗಳು.

ಈಗ ಟ್ಯಾಂಕಿನ ಲೆಕ್ಕಕ್ಕೆ ಬರೋಣ. 30 ಸೆಂಟಿಮೀಟರ್ ಉದ್ದಗಲ, ಒಂದೂವರೆ ಮೀಟರ್ ಆಳದ ಗುಂಡಿಯೊಂದರಲ್ಲಿ 135 ಲೀಟರಿನಷ್ಟು ಮಣ್ಣಿರುತ್ತದೆ. ಪಂಪು ನಿಮಿಷಕ್ಕೆ 20 ಲೀಟರ್ ನೀರು ಬಿಡುತ್ತದೆ, ಎಂಟು ನಿಮಿಷ ನೀರು ಹರಿಯುತ್ತದೆ ಎಂದುಕೊಂಡರೆ ಅದಕ್ಕೆ ಇನ್ನೂ 160 ಲೀಟರ್ ಸೇರುತ್ತದೆ. ಅಂದರೆ ಗುಂಡಿಯೊಂದಕ್ಕೆ ಸುಮಾರು 300 ಲೀಟರ್ ಕೆಸರು; ಟ್ರೇಲರ್ ಮೇಲೆ ಕೂರಿಸಿದ 2,000 ಲೀಟರಿನ ಟ್ಯಾಂಕು ಏಳನೆಯ ಗುಂಡಿ ಮುಗಿಯುವ ಮೊದಲೇ ತುಂಬುತ್ತದೆ. ಆಗ ಕೆಸರಿನ ತೂಕವೇ ಎರಡೂವರೆ ಟನ್ ದಾಟಿರುತ್ತದೆಯಾದ್ದರಿಂದ, ಎಳೆಯುವ ವಾಹನ, ಬ್ರೇಕು ಮತ್ತು ರಸ್ತೆಯ ಭಾರಮಿತಿ ಈ ಮೂರನ್ನೂ ಖಾಲಿ ಟ್ರೇಲರಿನ ತೂಕದ ಮೇಲೆ ಲೆಕ್ಕ ಹಾಕಿದವರು ತೊಂದರೆಗೆ ಸಿಲುಕುತ್ತಾರೆ. ಸುರಿಯುವ ಜಾಗ ಒಂದು ಗಂಟೆಯ ದಾರಿಯಾದರೆ, ಹೋಗಿ ಸುರಿದು, ಟ್ಯಾಂಕು ತೊಳೆದು, ನೀರು ತುಂಬಿಸಿಕೊಂಡು ಮರಳುವಷ್ಟರಲ್ಲಿ ಎರಡೂವರೆ ಗಂಟೆ ಕಳೆಯುತ್ತದೆ. ಆರು ಗುಂಡಿ ತೆಗೆಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿದಿರುತ್ತದೆ. ಹೀಗೆ ಅರ್ಧ ದಿನ ಅಗೆಯುವ ಯಂತ್ರವಾಗಿದ್ದದ್ದು ಇನ್ನರ್ಧ ದಿನ ಕೆಸರು ಸಾಗಿಸುವ ಗಾಡಿಯಾಗುತ್ತದೆ, ಮತ್ತು ಆ ಅರ್ಧ ದಿನಕ್ಕೆ ಗಿರಾಕಿ ಹಣ ಕೊಡುವನೇ ಎಂಬುದು ನೀವು ಬರೆದ ದರಪಟ್ಟಿಯನ್ನು ಅವಲಂಬಿಸಿರುತ್ತದೆ. ಕೆಸರನ್ನು ಮಳೆನೀರಿನ ಚರಂಡಿಗೆ ಬಿಡುವುದು ಕಾನೂನಿಗೂ ಊರಿಗೂ ಸಲ್ಲದ ಕೆಲಸ. ಡೀಸೆಲ್ ವಾಸನೆ ಹೊಡೆಯುವ ಮಣ್ಣು ಬಂದರೆ ಅದನ್ನು ಸಾಮಾನ್ಯ ಮಣ್ಣು ಸುರಿಯುವ ಜಾಗದವರೂ ಸೇರಿಸುವುದಿಲ್ಲ.

ಇದೇ ಕಾರಣಕ್ಕೆ ನೀರೋ ಗಾಳಿಯೋ ಎಂಬ ಆಯ್ಕೆಯನ್ನು ಅಗೆತದ ವೇಗವೊಂದನ್ನೇ ನೋಡಿ ಮಾಡಬಾರದು. ಗಟ್ಟಿ ಜೇಡಿಮಣ್ಣನ್ನು ನೀರು ಚೆನ್ನಾಗಿ ಕತ್ತರಿಸುತ್ತದೆ, ಗಾಳಿ ಅಲ್ಲಿ ಒದ್ದಾಡುತ್ತದೆ. ಆದರೆ ಗಾಳಿಯಿಂದ ತೆಗೆದ ಮಣ್ಣು ಒಣಗಿಯೇ ಇರುವುದರಿಂದ, ನಿಯಮ ಒಪ್ಪಿದರೆ ಅದನ್ನೇ ಅದೇ ಗುಂಡಿಗೆ ತುಂಬಿ ದಮ್ಮಸು ಮಾಡಬಹುದು. ಸಾಗಾಟವೂ ಇಲ್ಲ, ಹೊಸ ಮಣ್ಣು ತರಿಸುವ ಖರ್ಚೂ ಇಲ್ಲ. ನಿಮ್ಮ ಕೆಲಸ ಹೆಚ್ಚಾಗಿ ಮರಳು ಬೆರೆತ ಸಡಿಲ ನೆಲದಲ್ಲಿದ್ದು, ಸುರಿಯುವ ಜಾಗ ದೂರವಿದ್ದರೆ, ನಾನು ಗಾಳಿಯ ಯಂತ್ರದ ಪಕ್ಷ. ಜೇಡಿನೆಲವಾದರೆ ನೀರೇ ಸರಿ. ಎರಡೂ ಇರುವ ಯಂತ್ರಗಳೂ ಸಿಗುತ್ತವೆ, ಅವುಗಳ ಬೆಲೆಯೂ ತೂಕವೂ ಹೆಚ್ಚು. ಮಾರಾಟಗಾರರ ಪ್ರದರ್ಶನಗಳು ಅದೇಕೋ ಯಾವಾಗಲೂ ಮೆತ್ತನೆಯ ಮಣ್ಣಿನಲ್ಲೇ ನಡೆಯುತ್ತವೆ. ನಿಮ್ಮ ನಿವೇಶನಕ್ಕೇ ತಂದು ನಿಮ್ಮ ನೆಲದಲ್ಲೇ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಬ್ಲೋವರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎಷ್ಟೇ ಬಲಶಾಲಿ ಯಂತ್ರವಾದರೂ ಅದು ಹುಟ್ಟಿಸುವ ನಿರ್ವಾತ ವಾಯುಮಂಡಲದ ಒತ್ತಡವನ್ನು, ಅಂದರೆ 760 ಮಿಲಿಮೀಟರ್ ಪಾದರಸವನ್ನು ಮೀರದು. ಬರಿಯ ಹೀರುವಿಕೆಯಿಂದ ನೀರನ್ನು ಹತ್ತು ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಏರಿಸಲು ಆಗುವುದಿಲ್ಲ. ಆಳದಿಂದ ಮಣ್ಣನ್ನು ಮೇಲಕ್ಕೆ ಹೊತ್ತು ತರುವುದು ವೇಗವಾಗಿ ಹರಿಯುವ ಗಾಳಿ. ಆದ್ದರಿಂದ ಕೊಳ್ಳುವಾಗ ನಿರ್ವಾತದ ಅಂಕಿಯ ಜೊತೆಗೆ ನಿಮಿಷಕ್ಕೆ ಹರಿಯುವ ಗಾಳಿಯ ಪ್ರಮಾಣವನ್ನೂ ಕೇಳಬೇಕು. ಹೋಸಿನ ಬಾಯನ್ನು ಕೆಸರಿನಲ್ಲಿ ಪೂರ್ತಿ ಮುಳುಗಿಸದೆ ಗಾಳಿಗೆ ದಾರಿ ಬಿಟ್ಟು ಹಿಡಿಯುವುದನ್ನು ಕೆಲಸಗಾರರಿಗೆ ಮೊದಲ ದಿನವೇ ಕಲಿಸಬೇಕು. ಸೋಸುಕಗಳನ್ನು (ಫಿಲ್ಟರ್) ನಿತ್ಯ ತೊಳೆಯದಿದ್ದರೆ ಗಾಳಿಯ ಹರಿವು ಕುಗ್ಗುತ್ತದೆ. ಅವು ಹರಿದಿದ್ದರೆ ಧೂಳು ಬ್ಲೋವರಿನೊಳಗೇ ಹೊಕ್ಕು ಅದನ್ನು ಸವೆಸುತ್ತದೆ.

ಸುರಕ್ಷಿತ ವಿಧಾನವೆಂಬ ಹೆಸರು ಕೇಬಲ್ಲಿಗೂ ಪೂರ್ತಿ ಅನ್ವಯಿಸದು, ಕೆಲಸಗಾರನಿಗಂತೂ ಅಷ್ಟಾಗಿ ಅನ್ವಯಿಸುವುದಿಲ್ಲ. ಸುಮಾರು 170 ಬಾರ್ ಒತ್ತಡದ ನೀರಿನ ಧಾರೆಯನ್ನು ಒಂದೇ ಕಡೆ ನಿಲ್ಲಿಸಿದರೆ ಕೇಬಲ್ಲಿನ ಹೊದಿಕೆ ಕೊಯ್ದುಹೋಗಬಹುದು. ತಿರುಗುವ ನಾಝಲ್ ಬಳಸಿ, ಕೇಬಲ್ ಹತ್ತಿರವಾದಂತೆ ಒತ್ತಡ ಇಳಿಸುವುದು ಸರಿಯಾದ ಕ್ರಮ. ಆ ಧಾರೆ ಚರ್ಮದೊಳಕ್ಕೆ ನುಗ್ಗಿದರೆ, ಗಾಯವು ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗಾಳಿಯ ಅಗೆತದಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಧೂಳಿನ ಅಪಾಯವಿದೆ, ಒಣ ಮಣ್ಣು ಹೋಸಿನಲ್ಲಿ ಉಜ್ಜಿ ಹೋಗುವಾಗ ಸ್ಥಿರ ವಿದ್ಯುತ್ತೂ ಹುಟ್ಟುತ್ತದೆ. ಯಂತ್ರಕ್ಕೆ ಅರ್ತಿಂಗ್ ಬೇಕು. ತೊಳೆಯುವ ನೆಪದಲ್ಲಿ ಯಾರೂ ಟ್ಯಾಂಕಿನೊಳಗೆ ಇಳಿಯಕೂಡದು.

ದರವನ್ನು ಗುಂಡಿಗಿಷ್ಟು ಎಂದು ಒಪ್ಪಿಕೊಳ್ಳುವುದು ಗಿರಾಕಿಗೆ ಹಿತ, ನಿಮಗೆ ಅಪಾಯ. ನೆಲದಡಿ ಕಲ್ಲು ಸಿಕ್ಕರೆ ಆ ಹೊತ್ತೆಲ್ಲ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಗಂಟೆಯ ದರ, ಕನಿಷ್ಠ ಇಷ್ಟು ಗಂಟೆಯೆಂಬ ಷರತ್ತು, ಕೆಸರು ಸಾಗಿಸಿ ಸುರಿಯುವುದಕ್ಕೆ ಪ್ರತ್ಯೇಕ ಸಾಲು: ಹೀಗೆ ಬರೆದುಕೊಡುವುದು ನನ್ನ ಸಲಹೆ. ಮೊದಲ ಕೆಲವು ಕೆಲಸಗಳನ್ನು ಬಾಡಿಗೆ ಯಂತ್ರದಿಂದಲೇ ಮಾಡಿ, ಅಗೆದ ಹೊತ್ತನ್ನೂ ರಸ್ತೆಯಲ್ಲಿ ಕಳೆದ ಹೊತ್ತನ್ನೂ ಬೇರೆಬೇರೆಯಾಗಿ ಬರೆದಿಡಿ. ನಿಮ್ಮದೇ ಕೆಲಸಗಳಿಗಾಗಿ ಕೊಡುವ ತಿಂಗಳ ಬಾಡಿಗೆಯು ಸಾಲದ ಕಂತು, ವಿಮೆ ಮತ್ತು ರಿಪೇರಿಗಳ ಒಟ್ಟು ಮೊತ್ತವನ್ನು ಸತತವಾಗಿ ಮುಟ್ಟತೊಡಗಿದಾಗ ಕೊಳ್ಳಿ. ಹೊರಗಿನ ಗಿರಾಕಿಗಳು ಬಂದೇ ಬರುತ್ತಾರೆಂಬ ಊಹೆಯನ್ನು ಆ ಲೆಕ್ಕದಲ್ಲಿ ಸೇರಿಸಬೇಡಿ.