ಕ್ಲಚ್ಚಿಲ್ಲದ ಬೈಕು, ಹನಿಯಾಕಾರದ ಕಾರು

ಮ್ಯೂನಿಕ್, 9 ಮಾರ್ಚ್ 2025, ಭಾನುವಾರ

ಮೈಸೂರಿನಿಂದ ಭಾವ ಬಂದಿದ್ದಾರೆ. ಜಾವಾ, ಯೆಜ್ಡಿ ಬೈಕುಗಳ ರಿಪೇರಿಯಲ್ಲೇ ಆಯುಷ್ಯದ ಬಹುಪಾಲು ಕಳೆದ ಅವರಿಗೆ ಅರಮನೆ, ಚರ್ಚುಗಳಿಗಿಂತ ಡಾಯ್ಚಸ್ ಮ್ಯೂಸಿಯಮ್ಮಿನ ವಾಹನ ವಿಭಾಗವೇ ಹಿಡಿಸೀತೆಂದು ಇಂದು ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋದೆ. ಅಕ್ಟೋಬರ್‌ಫೆಸ್ಟ್ ನಡೆಯುವ ಬಯಲಿನ ಪಕ್ಕದ ದಿಬ್ಬದ ಮೇಲೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಸ್ತುಪ್ರದರ್ಶನಕ್ಕೆಂದು ಕಟ್ಟಿಸಿದ ಮೂರು ವಿಶಾಲವಾದ ಹಾಲ್‌ಗಳಲ್ಲಿ 2003ರಿಂದ ಈ ಸಂಗ್ರಹಾಲಯವಿದೆ. ಕಾರು, ಬೈಕುಗಳ ಜೊತೆಗೆ ಟ್ರಾಮು, ರೈಲು, ಸೈಕಲ್ಲುಗಳೂ ಇಲ್ಲಿವೆ.

ಎಲ್ಲರೂ ಮೊದಲು ಹುಡುಕಿಕೊಂಡು ಹೋಗುವುದು ಕಾರ್ಲ್ ಬೆಂಜ್ 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದ ಮೂರು ಚಕ್ರದ ಮೋಟಾರು ಗಾಡಿಯನ್ನು. 954 ಸಿಸಿಯ ಒಂಟಿ ಸಿಲಿಂಡರ್, ಮುಕ್ಕಾಲು ಹಾರ್ಸ್‌ಪವರ್, ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ. ಎಂಜಿನ್ನಿನ ಓಟವನ್ನು ಒಂದೇ ಸಮನಾಗಿಸುವ ಭಾರದ ಗಾಲಿಯಾದ ಫ್ಲೈವೀಲು ನೆಟ್ಟಗೆ ನಿಂತು ತಿರುಗಿದರೆ ಸ್ಟಿಯರಿಂಗಿಗೆ ಅಡ್ಡಿಯಾದೀತೆಂಬ ಶಂಕೆಯಿಂದ ಬೆಂಜ್ ಅದನ್ನು ನೆಲಕ್ಕೆ ಸಮಾನಾಂತರವಾಗಿ ಮಲಗಿಸಿದ್ದ. ಎಂಜಿನ್ ಸ್ಟಾರ್ಟ್ ಮಾಡಲು ಅದನ್ನೇ ಕೈಯಲ್ಲಿ ತಿರುಗಿಸಬೇಕಿತ್ತು. ಅವನ ಹೆಂಡತಿ ಬೇರ್ತಾ 1888ರಲ್ಲಿ ಇಬ್ಬರು ಮಕ್ಕಳೊಂದಿಗೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಓಡಿಸಿಕೊಂಡು ಹೋದದ್ದು ಇದನ್ನಲ್ಲ, ಇದರ ನಂತರದ ಮಾದರಿಯನ್ನು. ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡ ಆ ಕಥೆ ಎಷ್ಟು ಸಲ ಬರೆಯಲ್ಪಟ್ಟಿದೆಯೆಂದರೆ ನಾನು ಮತ್ತೆ ಬರೆಯಬೇಕಾಗಿಲ್ಲ. ಗೆದ್ದ ಯಂತ್ರಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವುಗಳ ಮುಂದೆ ನಿಂತಾಗ ಮುಂದಿನದೆಲ್ಲ ಹೀಗೆಯೇ ಆಗಬೇಕಿತ್ತೆಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆಯನ್ನು ಕಳೆಯುವುದು ಸೋತ ಯಂತ್ರಗಳೇ.

ಭಾವ ಅಲುಗಾಡದೆ ನಿಂತದ್ದು ಇದೇ ಊರಿನಲ್ಲಿ ತಯಾರಾದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯೂಲರ್ ಬೈಕಿನ ಎದುರು. 1894ರಲ್ಲಿ ಮಾರುಕಟ್ಟೆಗೆ ಬಂದ ಇದು ಒಂದೇ ಮಾದರಿಯಲ್ಲಿ ಹಲವಾರು ತಯಾರಿಸಿ ಮಾರಿದ ಜಗತ್ತಿನ ಮೊದಲ ಮೋಟಾರ್ ಸೈಕಲ್ಲು. ಹೆಂಗಸರ ಸೈಕಲ್ಲಿನಂತೆ ತಗ್ಗಾದ ಚೌಕಟ್ಟಿನೊಳಗೆ ಎರಡು ಸಿಲಿಂಡರ್‌ಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿವೆ. ಅವುಗಳಿಂದ ಹೊರಟ ಉದ್ದನೆಯ ಕನೆಕ್ಟಿಂಗ್ ರಾಡ್‌ಗಳು ಚೈನು, ಬೆಲ್ಟು, ಗೇರುಗಳ ಹಂಗಿಲ್ಲದೆ ನೇರವಾಗಿ ಹಿಂದಿನ ಚಕ್ರದ ಕ್ರ್ಯಾಂಕಿಗೇ, ಅಂದರೆ ಹಿಂದುಮುಂದಿನ ಚಲನೆಯನ್ನು ಸುತ್ತಾಗಿಸುವ ತೋಳಿಗೇ, ಕೂಡುತ್ತವೆ. ಕಡ್ಡಿಗಳಿಲ್ಲದ, ತಟ್ಟೆಯಂತಹ ಆ ಹಿಂದಿನ ಚಕ್ರವೇ ಫ್ಲೈವೀಲು. ಪಿಸ್ಟನ್ನುಗಳು ಹಿಂದಕ್ಕೆ ಮರಳಲು ನೆರವಾಗಲೆಂದು ರಾಡಿನ ಪಕ್ಕದಲ್ಲಿ ದಪ್ಪನೆಯ ರಬ್ಬರ್ ಪಟ್ಟಿಗಳಿವೆ; ಹಿಂದಿನ ಮಡ್‌ಗಾರ್ಡ್ ಬರೀ ಮಡ್‌ಗಾರ್ಡಲ್ಲ, ಎಂಜಿನ್ ತಂಪು ಮಾಡುವ ನೀರಿನ ತೊಟ್ಟಿಯೂ ಹೌದು.

“ಕ್ಲಚ್ಚು ಎಲ್ಲೋ?” ಎಂದು ಭಾವ ಕೇಳಿದರು.

“ಇಲ್ಲ ಭಾವ. ಚಕ್ರ ನಿಂತರೆ ಎಂಜಿನ್ನೂ ನಿಲ್ಲುತ್ತೆ. ತಳ್ಳಿಕೊಂಡು ಓಡಿ ಹತ್ತಬೇಕು.”

“ಸಿಗ್ನಲ್ಲಲ್ಲಿ ನಿಂತ್ರೆ ಮತ್ತೆ ಓಡ್ಬೇಕಾ? ಚೆನ್ನಾಗಿದೆ!”

ಕಿಕ್ಕರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಗೇರ್ ಲಿವರ್ ಆಗುವ, ಗೇರ್ ಬದಲಿಸುವಾಗ ಕ್ಲಚ್ ತಾನಾಗಿಯೇ ಬಿಡುವ ಜಾವಾದ ಜಾಣತನವನ್ನು ಬಲ್ಲವರಿಗೆ ಇದು ಕಾಡುಮನುಷ್ಯನ ಕೆಲಸವೆನಿಸಿರಬೇಕು. ಆದರೆ ಸ್ವಲ್ಪ ಹೊತ್ತಿನಲ್ಲೇ ಅವರು ಮೂಲ ತೊಡಕನ್ನು ಹಿಡಿದರು. ಚಕ್ರ ಒಂದು ಸುತ್ತು ತಿರುಗಿದರೆ ಎಂಜಿನ್ನಿಗೂ ಒಂದೇ ಸುತ್ತು. ಹೀಗಿರುವಾಗ ಎಂಜಿನ್ ವೇಗವಾಗಿ ತಿರುಗಲು ಅವಕಾಶವೇ ಇಲ್ಲ, ವೇಗವಾಗಿ ತಿರುಗದ ಎಂಜಿನ್ನಿನಿಂದ ಶಕ್ತಿ ಹೊರಡುವುದಿಲ್ಲ. 1489 ಸಿಸಿ ಇದ್ದರೂ ಇದು ಕೊಡುತ್ತಿದ್ದದ್ದು ಎರಡೂವರೆ ಹಾರ್ಸ್‌ಪವರ್ ಮಾತ್ರ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಹೊರಬರುತ್ತಿದ್ದ 250 ಸಿಸಿಯ ಜಾವಾ ಅದರ ನಾಲ್ಕು ಪಟ್ಟಿಗೂ ಹೆಚ್ಚು ಕೊಡುತ್ತಿತ್ತು. ಗಂಟೆಗೆ 45 ಕಿಲೋಮೀಟರ್ ಓಡುವ ಈ ಬೈಕನ್ನು ಜನ ಮೊದಮೊದಲು ಮುಗಿಬಿದ್ದು ಕೊಂಡರು, ಆಮೇಲೆ ದೂರುಗಳು ಬಂದವು, 1897ರ ಹೊತ್ತಿಗೆ ಕಂಪನಿ ಮುಳುಗಿತು.

ಈ ಊರಿನವರಿಗೆ ಕ್ಲಚ್ಚಿನ ಮೇಲೆ ಅದೇನು ಮುನಿಸೋ ಗೊತ್ತಿಲ್ಲ. 1920ರ ದಶಕದ ಮೊದಲ ಭಾಗದಲ್ಲಿ ಮ್ಯೂನಿಕ್ಕಿನಲ್ಲೇ ತಯಾರಾದ ಮೆಗೋಲಾ ಬೈಕಿಗೂ ಕ್ಲಚ್ಚಿಲ್ಲ, ಗೇರ್‌ಬಾಕ್ಸಿಲ್ಲ. ಐದು ಸಿಲಿಂಡರ್‌ಗಳ 640 ಸಿಸಿ ಎಂಜಿನ್ನನ್ನು ಅದರ ಮುಂದಿನ ಚಕ್ರದೊಳಗೇ ಕೂರಿಸಿದ್ದರು. ಊರೊಳಗೆ ನಿಲ್ಲಬೇಕಾಗಿ ಬಂದಾಗ ಸವಾರರು ಎಂಜಿನ್ ಆರದಿರಲೆಂದು ಅಲ್ಲೇ ಸುತ್ತು ಹೊಡೆಯುತ್ತಿದ್ದರಂತೆ. ಪಂಕ್ಚರ್ ಆದರೆ ಚಕ್ರ ಬಿಚ್ಚುವುದು ಕಷ್ಟವೆಂದು ಟ್ಯೂಬನ್ನು ಬಳೆಯಂತೆ ಮಾಡದೆ, ಎರಡು ತುದಿ ಮುಚ್ಚಿದ ಕೊಳವೆಯಂತೆ ಮಾಡಿದ್ದರು. ಈ ಉಪಾಯವನ್ನು ಭಾವ ನನ್ನಿಂದ ಮೂರು ಸಲ ಹೇಳಿಸಿ ಕೇಳಿಕೊಂಡರು.

ಕಾರುಗಳಲ್ಲಿ ನನ್ನ ಮೆಚ್ಚಿನದು ವಿಮಾನ ವಿನ್ಯಾಸಕ ಎಡ್ಮಂಡ್ ರುಂಪ್ಲರ್ 1921ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮುಂದಿಟ್ಟ ಹನಿಯಾಕಾರದ ಕಾರು. ಮುಂದೆ ದುಂಡಗೆ, ಹಿಂದೆ ಮೊನಚಾಗಿ ಸಾಗುವ ಅದರ ಮೈಯಲ್ಲಿ ಗಾಜುಗಳೂ ಬಾಗಿವೆ, ಎಂಜಿನ್ ಹಿಂಬದಿಯಲ್ಲಿದೆ. ಎಂಜಿನ್ನಿನ ತೊಂದರೆ ಒಂದೆಡೆ, ಸಾಮಾನಿಡಲು ಜಾಗವಿಲ್ಲದ್ದು ಇನ್ನೊಂದೆಡೆ, ಹೀಗಾಗಿ ತಯಾರಾದದ್ದು ನೂರರ ಆಸುಪಾಸು. ಅವುಗಳಲ್ಲಿ ಕೆಲವು ಬರ್ಲಿನ್ನಿನಲ್ಲಿ ಟ್ಯಾಕ್ಸಿಗಳಾದವು. ಈ ಸಂಗ್ರಹಾಲಯದ ಕಾರನ್ನೇ 1979ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಗಾಳಿಸುರಂಗದಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ಬಂದ ಗಾಳಿ ತಡೆಯ ಗುಣಾಂಕ 0.28. ಈ ಅಂಕಿ ಕಡಿಮೆಯಾದಷ್ಟೂ ಕಾರು ಗಾಳಿಯನ್ನು ಸುಲಭವಾಗಿ ಸೀಳುತ್ತದೆ; 1979ರ ಹೊಸ ಕಾರುಗಳೂ ಸಾಮಾನ್ಯವಾಗಿ ಅಷ್ಟು ಕೆಳಗಿಳಿದಿರಲಿಲ್ಲ. ಯಹೂದಿಯಾಗಿದ್ದ ರುಂಪ್ಲರ್ ನಾಜಿಗಳ ಕಾಲದಲ್ಲಿ ವೃತ್ತಿಯನ್ನೇ ಕಳೆದುಕೊಂಡು 1940ರಲ್ಲಿ ತೀರಿಕೊಂಡ; ಆ ಅಂಕಿ ಅವನ ಕಿವಿಗೆ ಬೀಳಲೇ ಇಲ್ಲ.

ಹೊರಡುವ ಮುನ್ನ ಭಾವ ಬವೇರಿಯಾ ರೈಲ್ವೆಯ ಉಗಿ ಎಂಜಿನ್ನಿನ ಬಳಿಗೆ ಹೋಗಿ ಅದರ ಆಳೆತ್ತರದ ಚಕ್ರಗಳನ್ನೂ ರಾಡುಗಳನ್ನೂ ನೋಡಿ ಬಂದರು. “ಆ ಬೈಕು ಮಾಡಿದವರು ಇದನ್ನೇ ನೋಡಿ ಮಾಡಿರ್ಬೇಕು,” ಎಂದರು. ಅವರ ಊಹೆಯಲ್ಲಿ ಹುರುಳಿದೆ: ಹಿಲ್ಡೆಬ್ರಾಂಡ್ ಸಹೋದರರು ಪೆಟ್ರೋಲಿಗೆ ಕೈಹಾಕುವ ಮೊದಲು ಉಗಿಯಿಂದ ಓಡುವ ಸೈಕಲ್ಲಿನ ಪ್ರಯೋಗ ಮಾಡಿದವರು.