ಡೆಲ್ಫ್ಟ್‌ನಲ್ಲಿ ಎಳ್ಳು ಬೀರಿದ್ದು

"ಅಮ್ಮ, ಹಾಸನದ ಅಜ್ಜಿ ಯಾರ ಜೊತೆ ಊಟ ಮಾಡ್ತಾಳೆ?"

ಸಂಕ್ರಾಂತಿಗೆ ಕೊಬ್ಬರಿ ಹೆಚ್ತಾ ಕೂತಿದ್ದೆ, ಮಗಳು ಹುರಿಗಡಲೆ ಮುಕ್ಕುತ್ತಾ ಕೇಳಿದ್ಲು. ಅವಳು ಹುಟ್ಟಿದಾಗಿಂದ ನೋಡಿರೋದು ಈ ಮನೆ, ಇಲ್ಲಿ ಒಬ್ರೇ ಕೂತು ಉಣ್ಣೋರು ಕಮ್ಮಿ. ಪಕ್ಕದ್ಮನೆ ಆಂಟಿ ಬರ್ತಾರೆ ಪುಟ್ಟ ಅಂತ ಏನೋ ಹೇಳಿ ಕೊಬ್ಬರಿ ಕಡೆ ತಿರುಗಿದೆ.

ನಾವಿರೋದು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ. ಸೆಂಟ್ರಾಲ್ ವೋನೆನ್ ಅಂತಾರೆ ಇಂಥ ಮನೆಗಳಿಗೆ, ಎಲ್ಲರಿಗೂ ಅವರವರ ಮನೆ ಅವರವರ ಬಾಗ್ಲು ಇರತ್ತೆ, ಆದ್ರೆ ನಾಲ್ಕೈದು ಮನೆಗೆ ಸೇರಿ ಒಂದು ದೊಡ್ಡ ಅಡುಗೆಮನೆ, ಸರದಿ ಮೇಲೆ ಅಡುಗೆ. 1977ರಲ್ಲಿ ಹಿಲ್ವರ್ಸಮ್‌ನಲ್ಲಿ 50 ಮನೆಗಳದ್ದು ಮೊದಲು ಶುರುವಾಗಿದ್ದು. ಹಬ್ಬದ ದಿನ ನಮ್ಮ ಸರದಿ ಬರೋ ಹಾಗೆ ಪಟ್ಟೀಲಿ ಮೊದ್ಲೇ ಹೆಸ್ರು ಬರೆದಿಟ್ಟಿದ್ದೆ. ಎಳ್ಳು, ಬೆಲ್ಲ, ಕೊಬ್ಬರಿ ಎಲ್ಲಾ ಹೇಗ್ ನಗರದ ಸುರಿನಾಮಿ ಹಿಂದೂಸ್ತಾನಿಗಳ ಅಂಗಡೀಲಿ ಸಿಕ್ತು. ಅವ್ರ ಹಿರಿಯರು 1873ರಿಂದ ಭಾರತ ಬಿಟ್ಟು, ಆಗ ಡಚ್ಚರ ಕೈಲಿದ್ದ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಕೂಲಿಗೆ ಅಂತ ಹಡಗು ಹತ್ತಿ ಹೋದೋರು, ಇವ್ರು ಇವತ್ತಿಗೂ ಹೋಳಿ ಬಿಟ್ಟಿಲ್ಲ, ಅದನ್ನ ನೋಡಿದಾಗೆಲ್ಲ ಎದೆ ಒಂಥರಾ ಆಗತ್ತೆ.

ಸಿಗದೇ ಹೋಗಿದ್ದು ಸಕ್ಕರೆ ಅಚ್ಚು.

ಅಡುಗೆಮನೇಲಿ ಹಿಂದಿನ ದಿನ ಇದನ್ನೇ ಹೇಳ್ಕೊಂಡು ಪೇಚಾಡ್ತಿದ್ದೆ, ಹಳೇ ಫೋಟೋ ತೋರ್ಸಿದೆ, ಆನೆ, ಗಿಣಿ, ತುಳಸಿಕಟ್ಟೆ. ಎದುರು ಮನೆ ಅಜ್ಜಿ, ಮಗಳು ಓಮಾ ಅಂತ ಕರೀತಾಳೆ, ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿ ಎದ್ದು ಹೋದ್ರು. ವಾಪಸ್ ಬಂದಾಗ ಕೈಯಲ್ಲಿ ಒಂದು ಮರದ ಹಲಗೆ, ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಹಬ್ಬಕ್ಕೆ ಸ್ಪೆಕುಲಾಸ್ ಬಿಸ್ಕತ್ ಒತ್ತೋದು, ಅವ್ರ ಅಜ್ಜಿ ಕಾಲದ್ದಂತೆ. ವಿಂಡ್‌ಮಿಲ್, ಹಡಗು, ಒಂದು ಕೋಳಿ. ಮೂಗಿಗೆ ಹಿಡಿದ್ರೆ ಇನ್ನೂ ಚಕ್ಕೆ ಲವಂಗದ ವಾಸನೆ. ಅಂಥಾದ್ದನ್ನ ನಮ್ಮ ಪಾಕ ಸುರಿಯೋಕೆ ಕೊಟ್ಟುಬಿಟ್ರಲ್ಲ ಅಂತ ನಂಗೆ ಮಾತೇ ಹೊರಡ್ಲಿಲ್ಲ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಇನ್ನೂ ಕತ್ಲೆ ಇರುವಾಗ್ಲೇ (ಇಲ್ಲಿ ಜನವರೀಲಿ ಸೂರ್ಯ ಕಾಣೋದು ಎಂಟೂ ಮುಕ್ಕಾಲಿಗೆ) ಇಬ್ರೂ ಸೇರಿ ಪಾಕ ಹೊಯ್ದ್ವಿ. ಅವ್ರು ಹಲ್ಲುಕಡ್ಡಿ ತಗೊಂಡು ಅಂಚಿನ ಸುತ್ತ ಮೆಲ್ಲಗೆ ಬಿಡಿಸ್ತಾ, ಉಸಿರು ಬಿಗಿಹಿಡಿದು, ಒಂದು ಇಡೀ ವಿಂಡ್‌ಮಿಲ್ ಎತ್ತಿಕೊಟ್ರು.

ಅಮ್ಮನೂ ಅಚ್ಚು ಹೊಯ್ಯುವಾಗ ಹಾಗೇ ಉಸಿರು ಬಿಗಿಹಿಡೀತಿದ್ಲು. ನಾನೂ ಅಣ್ಣನೂ ಅಚ್ಚಿನ ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಕೊಡ್ತಾ ಇರ್ಬೇಕು, ಅವಳು ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೀತಾ "ಮಾತಾಡಿಸ್ಬೇಡ್ರೋ, ಹದ ತಪ್ಪತ್ತೆ" ಅನ್ನೋಳು, ಆಮೇಲೆ ಸೊಂಡಿಲು ಮುರಿದ ಆನೆಗಳೆಲ್ಲ ನಮ್ಮ ಬಾಯಿಗೆ.

ಸಂಜೆ ಅವರೆಕಾಳು ಹುಗ್ಗಿ, ಸಿಹಿ ಪೊಂಗಲ್, ಹದಿನೈದು ಜನ ಪಂಕ್ತಿ ಥರ ಕೂತ್ವಿ. ಮಗಳು ರೇಷ್ಮೆ ಲಂಗದ ಮೇಲೆ ಜಾಕೆಟ್ ಹಾಕ್ಕೊಂಡು ಮನೆಮನೆಗೂ ಎಳ್ಳು ಬೀರಿ ಬಂದ್ಲು. ಕೊನೇ ಮನೆ ತಾತ ತಟ್ಟೆ ಖಾಲಿ ಕಳಿಸ್ದೆ ಕಿತ್ತಳೆ ಹಣ್ಣು ಇಟ್ಟು ಕಳಿಸಿದ್ರು, ಯಾರೂ ಹೇಳಿಕೊಟ್ಟಿದ್ದಲ್ಲ. ಎಲ್ಲಾ ನಗ್ತಾ ಇದ್ದಾಗ ನಂಗೆ ಮಾತ್ರ ಹಾಸನದ ಅಡುಗೆಮನೆ ಟ್ಯೂಬ್‌ಲೈಟ್ ಕಣ್ಮುಂದೆ ಬರ್ತಾ ಇತ್ತು.

ಅಮ್ಮನಿಗೆ ಮಧ್ಯಾಹ್ನವೇ ಫೋನ್ ಮಾಡಿದ್ದೆ. ವಿಂಡ್‌ಮಿಲ್ ನೋಡಿ ಚೆನ್ನಾಗಿದೆ ಕಣೇ, ಆದ್ರೆ ಕೊಳೆ ಇನ್ನೂ ತೆಗೀಬೇಕಿತ್ತು, ಬೆಳ್ಳಗೆ ಬಂದಿಲ್ಲ ಅಂದ್ಲು. ನೀನು ಮಾಡ್ಲಿಲ್ವಾ ಅಂದೆ.

"ಯಾರಿಗೆ ಬೀರ್ಲೇ? ಬೀದಿ ಅರ್ಧ ಪಿಜಿ ಆಗಿದೆ, ಹಬ್ಬಕ್ಕೆ ಆ ಹುಡುಗೀರೂ ಊರಿಗೆ ಹೋಗಿರ್ತಾರೆ. ಅಚ್ಚೆಲ್ಲ ಅಟ್ಟದ ಮೇಲಿದೆ, ಹುಳ ಹಿಡಿದಿದ್ಯೋ ಏನೋ."

ಅಂದ್ರೆ ನಂಗಿಲ್ಲಿ ಇಷ್ಟು ಜನ ಸಿಕ್ಕಿದ್ದಾರೆ, ಅವಳ ಸುತ್ತ ಇದ್ದೋರು ಒಬ್ಬೊಬ್ರೇ ಕರಗಿದ್ದಾರೆ, ಮೊದಲು ಹೊರಟೋಳು ನಾನೇ. ಮುಂದಿನ ಸಂಕ್ರಾಂತಿಗೆ ಬರ್ತೀನಿ ಅನ್ನೋಕೆ ಬಾಯಿ ತೆಗೆದೆ, ಆದ್ರೆ ಇವಳಿಗೆ ಐದು ತುಂಬತ್ತೆ, ಆಮೇಲೆ ಇಲ್ಲಿ ಶಾಲೆ ತಪ್ಪಿಸೋ ಹಾಗಿಲ್ಲ. ಜುಲೈ ರಜಕ್ಕೆ ಬರ್ತೀವಿ ಅಂದೆ. ಜುಲೈನಲ್ಲಿ ಯಾವ ಸಂಕ್ರಾಂತಿ ಅಂತ ಅಮ್ಮ ಕೇಳ್ಲಿಲ್ಲ. ಹಾಗಾದ್ರೆ ಬಿಸಿಲು ಇರೋವಾಗ್ಲೇ ಮಗೂಗೆ ಸಂಡಿಗೆ ಹಾಕಿಡ್ತೀನಿ ಅಂದ್ಲು.